ಲ್ಯಾಪ್‌ಟಾಪ್‌ಗೆ ಹೆಡ್‌ಫೋನ್: ಬಾಕ್ಸ್ ಓದಿದ್ದು ಸಾಕು, ಮೈಕ್ ಆನ್ ಮಾಡಿ ನೋಡಿ

ಪ್ರತಿ ಸೆಮಿಸ್ಟರ್ ಶುರುವಾದಾಗ, ಇಲ್ಲಾ ಆನ್‌ಲೈನ್‌ನಲ್ಲಿ ದೊಡ್ಡ ಸೇಲ್ ಬಂದಾಗ, ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತೆ. "ಅಣ್ಣ, ಎರಡು ಸಾವಿರದೊಳಗೆ ಒಳ್ಳೆ ಬ್ಲೂಟೂತ್ ಹೆಡ್‌ಫೋನ್ ಯಾವ್ದು?" ಐದೇ ನಿಮಿಷದಲ್ಲಿ ಹತ್ತು ಲಿಂಕ್ ಬೀಳುತ್ತವೆ. ಒಬ್ಬರು ಬೇಸ್ ಸೂಪರ್ ಅಂತಾರೆ, ಇನ್ನೊಬ್ಬರು ಬ್ಯಾಟರಿ ವಾರಗಟ್ಟಲೆ ಬರುತ್ತೆ ಅಂತಾರೆ, ಮತ್ತೊಬ್ಬರು 5.3 ಇರೋದನ್ನೇ ತಗೋ ಅಂತಾರೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನ ಯಾರೂ ಕೇಳಲ್ಲ: "ಯಾವುದಕ್ಕೆ ಮಾರಾಯ? ಫೋನಿಗಾ, ಲ್ಯಾಪ್‌ಟಾಪಿಗಾ?"

ಎರಡಕ್ಕೂ ಒಂದೇ ಅಲ್ವಾ ಅಂತ ನಿಮಗೆ ಅನಿಸಬಹುದು. ಒಂದೇ ಅಲ್ಲ ಅನ್ನೋದೇ ಈ ಲೇಖನದ ವಾದ. ಫೋನಿನಲ್ಲಿ ಚೆನ್ನಾಗಿ ಹಾಡೋ ಹೆಡ್‌ಫೋನು ಲ್ಯಾಪ್‌ಟಾಪಿನಲ್ಲಿ, ಅದೂ ಆನ್‌ಲೈನ್ ಇಂಟರ್‌ವ್ಯೂ ನಡೀತಿರೋವಾಗ, ಹಳೇ ಲ್ಯಾಂಡ್‌ಲೈನ್ ಥರ ಗೊರಗೊರ ಅನ್ನಬಹುದು. ಹಾಗಂತ ಹೆಡ್‌ಫೋನು ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ಬ್ಲೂಟೂತ್ ಅನ್ನೋದು ಕೆಲಸ ಮಾಡೋ ರೀತಿಯೇ ಹಾಗೆ. ಇದನ್ನ ನಾವು, ಅಂದ್ರೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿ ಪಾಸಾದವರು, ತಿಳ್ಕೊಳ್ಳದೆ ಬರೀ ಸ್ಟಾರ್ ರೇಟಿಂಗ್ ನೋಡಿ ಮನೆಯವರ ದುಡ್ಡು ಕೊಡ್ತೀವಿ ಅನ್ನೋದೇ ನನ್ನ ತಕರಾರು.

ಸೆಮಿಸ್ಟರ್ ಫೀ, ಮೆಸ್ ಬಿಲ್, ಬಸ್ ಪಾಸ್ ಎಲ್ಲಾ ಲೆಕ್ಕ ಹಾಕಿ ಕಳಿಸೋ ಮನೆಗಳಿಂದ ಬಂದವರು ನಮ್ಮಲ್ಲಿ ಬಹಳ ಜನ. ಎರಡು ಮೂರು ಸಾವಿರ ಅನ್ನೋದು ನಮಗೆ ಸಣ್ಣ ದುಡ್ಡಲ್ಲ. ಅದಕ್ಕೇ ಈ ಲೇಖನದಲ್ಲಿ "ಟಾಪ್ 5" ಲಿಸ್ಟ್ ಇಲ್ಲ. ಇವತ್ತಿನ ಲಿಸ್ಟ್ ಮುಂದಿನ ಸೇಲ್‌ಗೆ ಹಳಸಿಹೋಗುತ್ತೆ. ಆರಿಸೋದು ಹೇಗೆ ಅಂತ ಗೊತ್ತಿದ್ದರೆ ಯಾವ ಸೇಲ್ ಬಂದರೂ ಉಪಯೋಗಕ್ಕೆ ಬರುತ್ತೆ.

ಮೈಕ್ ಆನ್ ಆದ ಕೂಡಲೇ ಏನಾಗುತ್ತೆ?

ಬ್ಲೂಟೂತ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೊಫೈಲ್ ಅಂತ ಇರುತ್ತೆ. ಹಾಡು, ಸಿನಿಮಾ, ಎನ್‌ಪಿಟಿಇಎಲ್ ಲೆಕ್ಚರ್ ಕೇಳೋವಾಗ ಕೆಲಸ ಮಾಡೋದು ಎ2ಡಿಪಿ. ಇದರಲ್ಲಿ ಸ್ಟೀರಿಯೋ ಸದ್ದು ಲ್ಯಾಪ್‌ಟಾಪಿನಿಂದ ಕಿವಿಗೆ ಹೋಗುತ್ತೆ, ಒಂದೇ ದಿಕ್ಕಿನಲ್ಲಿ. ವಾಪಸ್ ಬರೋಕೆ ದಾರಿ ಇಲ್ಲ. ಅಂದ್ರೆ ಎ2ಡಿಪಿಯಲ್ಲಿ ಮೈಕ್‌ಗೆ ಜಾಗವೇ ಇಲ್ಲ.

ಮಾತಾಡಬೇಕು ಅಂದ್ರೆ ಇನ್ನೊಂದು ಪ್ರೊಫೈಲ್ ಬೇಕು. ಅದರ ಹೆಸರು ಎಚ್‌ಎಫ್‌ಪಿ, ಹ್ಯಾಂಡ್ಸ್-ಫ್ರೀ ಪ್ರೊಫೈಲ್. ಇದು ಹುಟ್ಟಿದ್ದು ಕಾರಿನಲ್ಲಿ ಸ್ಟೀರಿಂಗ್ ಬಿಡದೆ ಫೋನಿನಲ್ಲಿ ಮಾತಾಡೋದಕ್ಕೆ. ಎರಡೂ ದಿಕ್ಕಿಗೆ ದನಿ ಹೋಗುತ್ತೆ, ಆದರೆ ಅದು ಮೋನೋ. ಇದರ ಹಳೇ ಕೋಡೆಕ್ ಸಿವಿಎಸ್‌ಡಿ, ಸ್ಯಾಂಪ್ಲಿಂಗ್ ರೇಟ್ 8 ಕಿಲೋಹರ್ಟ್ಸ್. ಹೊಸದು ಎಂಎಸ್‌ಬಿಸಿ, 16 ಕಿಲೋಹರ್ಟ್ಸ್. ಹಾಡು ಕೇಳೋವಾಗ ನಮಗೆ ಸಿಗ್ತಿದ್ದದ್ದು 44.1 ಅಥವಾ 48 ಕಿಲೋಹರ್ಟ್ಸ್.

ಈಗ ನೈಕ್ವಿಸ್ಟ್‌ನ ನೆನಪು ಮಾಡ್ಕೊಳ್ಳಿ. 8 ಕಿಲೋಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡಿದರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ಉಳಿಯೋದೇ ಇಲ್ಲ. ನಮ್ಮ 'ಸ' ಅನ್ನೋ ಅಕ್ಷರದ ಶಕ್ತಿಯಲ್ಲಿ ಬಹುಪಾಲು ಇರೋದೇ 4 ಕಿಲೋಹರ್ಟ್ಸ್‌ಗಿಂತ ಮೇಲೆ. ಫೋನಿನಲ್ಲಿ ಸ್ಪೆಲಿಂಗ್ ಹೇಳೋವಾಗ "ಎಸ್, ಎಸ್ ಫಾರ್ ಸುರೇಶ್" ಅಂತ ಒತ್ತಿ ಹೇಳ್ತೀವಲ್ಲ, ಅದು ಇದೇ ಕಾರಣಕ್ಕೆ. ಇಲ್ಲದಿದ್ರೆ ಆ ಕಡೆಯವರಿಗೆ ಎಸ್ಸೂ ಒಂದೇ, ಎಫ್ಫೂ ಒಂದೇ. ಎಂಎಸ್‌ಬಿಸಿ ಇದ್ರೆ 8 ಕಿಲೋಹರ್ಟ್ಸ್‌ವರೆಗೆ ಸಿಗುತ್ತೆ, ಮಾತು ಎಷ್ಟೋ ವಾಸಿ. ಆದರೂ ಸ್ಟೀರಿಯೋ ಹೋಯ್ತು, ಹಾಡಿನ ಜೀವ ಹೋಯ್ತು.

ಪಕ್ಕದ ರೂಮಿನಿಂದ "ಮಗಾ, ಡಿಸ್ಕಾರ್ಡ್ ಜಾಯಿನ್ ಆದ ತಕ್ಷಣ ಗೇಮ್ ಸೌಂಡ್ ಡಬ್ಬಾ ಆಗೋಯ್ತು" ಅನ್ನೋ ಕೂಗು ಕೇಳಿಸಿದೆ ಅಲ್ವಾ? ಅದು ಇದೇ. ಯಾವುದೋ ಆ್ಯಪ್ ಹೆಡ್‌ಫೋನಿನ ಮೈಕ್ ಕೇಳ್ತು, ಲ್ಯಾಪ್‌ಟಾಪ್ ಎ2ಡಿಪಿ ಬಿಟ್ಟು ಎಚ್‌ಎಫ್‌ಪಿಗೆ ಹಾರಿತು, ಸ್ಟೀರಿಯೋ ಹೋಗಿ ಟೆಲಿಫೋನ್ ಬಂತು. ಫೋನಿನಲ್ಲೂ ಕರೆ ಬಂದಾಗ ಹೀಗೇ ಆಗುತ್ತೆ. ಆದರೆ ಅಲ್ಲಿ ಅಮ್ಮನ ಜೊತೆ ಮಾತಾಡ್ತಾ ಹಾಡು ಕೇಳಲ್ಲವಾದ್ದರಿಂದ ನಮಗೆ ಗೊತ್ತಾಗಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ಗೇಮೂ ಇರುತ್ತೆ ವಾಯ್ಸ್ ಚಾಟೂ ಇರುತ್ತೆ, ಕ್ಲಾಸೂ ಇರುತ್ತೆ ಪ್ರಶ್ನೆ ಕೇಳೋದೂ ಇರುತ್ತೆ. ಎರಡೂ ಒಟ್ಟಿಗೆ ಬೇಕಾಗೋ ಜಾಗ ಅದು.

ಹೆಡ್‌ಫೋನ್ ರಿವ್ಯೂ ವಿಡಿಯೋಗಳಲ್ಲಿ ಬಹುತೇಕ ಎಲ್ಲವನ್ನೂ ಫೋನಿಗೆ ಹಾಕಿಯೇ ಕೇಳಿಸ್ತಾರೆ. "ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುಮಾಡಿ ನೋಡೋಣ" ಅನ್ನೋರು ಅಪರೂಪ. ಹಾಗಾಗಿ ಹೆಡ್‌ಫೋನ್ ಕೈಗೆ ಬಂದ ದಿನ ನೀವೇ ಮಾಡಿ. ರಿಟರ್ನ್ ಮಾಡೋ ಅವಧಿ ಮುಗಿಯೋ ಮೊದಲೇ, ಲ್ಯಾಪ್‌ಟಾಪಿಗೆ ಜೋಡಿಸಿ, ಮೈಕ್ ಆನ್ ಮಾಡಿ, ನಿಮ್ಮ ದನಿ ರೆಕಾರ್ಡ್ ಮಾಡಿ ಕೇಳಿ. ನೂರು ರಿವ್ಯೂ ಓದೋದಕ್ಕಿಂತ ಈ ಎರಡು ನಿಮಿಷದ ಪರೀಕ್ಷೆ ಹೆಚ್ಚು ಹೇಳುತ್ತೆ.

ದುಡ್ಡಿಲ್ಲದೆ ಆಗೋ ರಿಪೇರಿ

ಈ ಸಮಸ್ಯೆಗೆ ಒಂದು ಪೈಸೆ ಖರ್ಚಿಲ್ಲದ ಪರಿಹಾರ ಇದೆ. ಕೇಳೋದಕ್ಕೆ ಹೆಡ್‌ಫೋನ್ ಬಳಸಿ, ಮಾತಾಡೋದಕ್ಕೆ ಲ್ಯಾಪ್‌ಟಾಪಿನ ಸ್ವಂತ ಮೈಕ್ ಬಳಸಿ. ಝೂಮ್, ಮೀಟ್, ಟೀಮ್ಸ್, ಡಿಸ್ಕಾರ್ಡ್ ಯಾವುದೇ ಇರಲಿ, ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಬೇರೆ, ಮೈಕ್ರೊಫೋನ್ ಬೇರೆ ಆರಿಸೋಕೆ ಅವಕಾಶ ಇದೆ. ಸ್ಪೀಕರ್ ಜಾಗದಲ್ಲಿ ಹೆಡ್‌ಫೋನಿನ ಹೆಸರು, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದು ಇಡಿ. ವಿಂಡೋಸ್ 10ನಲ್ಲಿ ಒಂದೇ ಹೆಡ್‌ಫೋನ್ ಸ್ಟೀರಿಯೋ ಅಂತ ಒಂದು ಸಲ, ಹ್ಯಾಂಡ್ಸ್-ಫ್ರೀ ಅಂತ ಇನ್ನೊಂದು ಸಲ ಕಾಣಿಸುತ್ತೆ. ಸ್ಟೀರಿಯೋ ಅನ್ನೋದನ್ನೇ ಆರಿಸ್ಕೊಳ್ಳಿ. ಉಬುಂಟು ಹಾಕಿರೋ ಗೆಳೆಯರಿಗೆ ಇನ್ನೂ ಸುಲಭ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಅಥವಾ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್‌ನಲ್ಲಿ ಪ್ರೊಫೈಲ್ ಹೆಸರೇ ಕಾಣುತ್ತೆ, ಎ2ಡಿಪಿ ಅಂತ ಇಟ್ಟರಾಯ್ತು.

ಇಷ್ಟು ಮಾಡಿದರೆ ಹೆಡ್‌ಫೋನು ಎ2ಡಿಪಿಯಲ್ಲೇ ಉಳಿಯುತ್ತೆ. ನಿಮಗೆ ಎದುರಿನವರ ದನಿ ಸ್ಪಷ್ಟವಾಗಿ ಕೇಳುತ್ತೆ, ಅವರಿಗೆ ನಿಮ್ಮ ದನಿಯೂ ಪೂರ್ತಿ ಹೋಗುತ್ತೆ. ಲ್ಯಾಪ್‌ಟಾಪ್ ಮೈಕ್‌ಗೆ ಫ್ಯಾನ್ ಸದ್ದು, ಕೀಬೋರ್ಡ್ ಸದ್ದು ಬೀಳುತ್ತೆ, ನಿಜ. ಬಾಗಿಲು ಹಾಕಿ, ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡಿ, ಹತ್ತಿರ ಕೂತು ಮಾತಾಡಿ.

ಪ್ಲೇಸ್‌ಮೆಂಟ್ ವಿಷಯಕ್ಕೆ ಬಂದರೆ ಇದು ಬರೀ ಸದ್ದಿನ ಮಾತಲ್ಲ. ಮೊದಲ ಸುತ್ತಿನ ಇಂಟರ್‌ವ್ಯೂಗಳು ಈಗ ಎಷ್ಟೋ ಕಡೆ ಸ್ಕ್ರೀನ್ ಮೇಲೇ ಮುಗಿದುಹೋಗ್ತವೆ. ಕನ್ನಡ ಮೀಡಿಯಮ್‌ನಲ್ಲಿ ಓದಿ ಬಂದ ನಮ್ಮಂಥ ಎಷ್ಟೋ ಜನಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡೋದೇ ಒಂದು ಯುದ್ಧ. ಕಷ್ಟಪಟ್ಟು ವಾಕ್ಯ ಜೋಡಿಸಿ ಹೇಳ್ತೀವಿ, ಆ ಕಡೆಯಿಂದ "ಸಾರಿ, ಕ್ಯಾನ್ ಯು ರಿಪೀಟ್?" ಅಂತ ಬರುತ್ತೆ. ಎರಡನೇ ಸಲ ಹೇಳೋವಾಗ ದನಿ ಸಣ್ಣಗಾಗುತ್ತೆ, ನನ್ನ ಇಂಗ್ಲಿಷೇ ಸರಿ ಇಲ್ಲವೇನೋ ಅಂತ ಒಳಗೊಳಗೇ ಕುಸೀತೀವಿ. ಇಂಗ್ಲಿಷ್ ಸರಿಯಾಗೇ ಇತ್ತು, 'ಸ'ಕಾರ ನುಂಗಿಹಾಕಿದ್ದು ಕೋಡೆಕ್ ಅಂತ ನಮಗೆ ಹೇಳೋರು ಯಾರು? ನಾನು ಈ ಲೇಖನ ಬರೆಯೋಕೆ ಮುಖ್ಯ ಕಾರಣ ಇದೇ. ಜೂನಿಯರ್‌ಗಳು ಈ ಒಂದು ಪ್ಯಾರಾ ಓದಿ ಉಳಿದದ್ದು ಬಿಟ್ಟರೂ ನನಗೆ ಬೇಜಾರಿಲ್ಲ.

ಬಾಕ್ಸ್ ಮೇಲಿನ ನಂಬರುಗಳು

ಈಗ ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿರೋ ವಿಷಯಗಳನ್ನ ಒಂದೊಂದಾಗಿ ನೋಡೋಣ.

ಮೊದಲನೇದು ಬ್ಲೂಟೂತ್ ವರ್ಷನ್. 5.0ಕ್ಕಿಂತ 5.3 ಚೆನ್ನಾಗಿ ಹಾಡುತ್ತೆ ಅಂತ ಬಹಳ ಜನ ನಂಬಿದ್ದಾರೆ. 2016ರಲ್ಲಿ ಬ್ಲೂಟೂತ್ 5 ಬಂದಾಗ ಹೇಳಿದ ದುಪ್ಪಟ್ಟು ವೇಗ, ನಾಲ್ಕು ಪಟ್ಟು ದೂರ ಎಲ್ಲಾ ಲೋ ಎನರ್ಜಿ ಅನ್ನೋ ಭಾಗಕ್ಕೆ ಸೇರಿದ್ದು. ನಮ್ಮ ಎ2ಡಿಪಿ ಓಡೋದು ಕ್ಲಾಸಿಕ್ ಬ್ಲೂಟೂತ್ ಮೇಲೆ. ಹಾಗಾಗಿ ಆ ನಂಬರ್ ಹೆಚ್ಚಾದ ಮಾತ್ರಕ್ಕೆ ಹಾಡು ಚೆನ್ನಾಗಿ ಕೇಳಲ್ಲ. ಎಲ್‌ಇ ಆಡಿಯೋ ಅಂತ ನಿಜವಾಗಲೂ ಹೊಸದೊಂದು ಬಂದಿದೆ. ಅದರ ಕೋಡೆಕ್ ಎಲ್‌ಸಿ3, ಅದರಲ್ಲಿ ಮೈಕ್ ಮತ್ತು ಒಳ್ಳೆ ಸದ್ದು ಒಟ್ಟಿಗೆ ಹೋಗೋಕೆ ದಾರಿ ಇದೆ. ಆದರೆ ಹೆಡ್‌ಫೋನು, ಲ್ಯಾಪ್‌ಟಾಪು, ಆಪರೇಟಿಂಗ್ ಸಿಸ್ಟಮ್ಮು ಮೂರೂ ಅದಕ್ಕೆ ತಯಾರಿರಬೇಕು. 5.3 ಅಂತ ಬರೆದಿದ್ದರೆ ಎಲ್‌ಇ ಆಡಿಯೋ ಇದೆ ಅಂತ ಅರ್ಥ ಅಲ್ಲ. ಬಾಕ್ಸ್ ಮೇಲೆ ಎಲ್‌ಇ ಆಡಿಯೋ ಅಂತಲೇ ಬರೆದಿರಬೇಕು.

ಎರಡನೇದು ಡ್ರೈವರ್ ಸೈಜ್. 40 ಎಂಎಂ, 50 ಎಂಎಂ ಅಂತ ಕ್ಯಾಮೆರಾ ಮೆಗಾಪಿಕ್ಸೆಲ್ ಥರ ಹೊಡೆದಿರ್ತಾರೆ. ಬೋಟ್ ರಾಕರ್ಜ್ 450ರಲ್ಲಿ 40 ಎಂಎಂ ಡ್ರೈವರ್ ಇದೆ. ಅದಕ್ಕಿಂತ ಹೆಚ್ಚು ಬೆಲೆಯ ಸೋನಿ ಡಬ್ಲ್ಯೂಎಚ್-ಸಿಎಚ್520ರಲ್ಲಿ ಇರೋದು 30 ಎಂಎಂ. ಬರೀ ಎಂಎಂ ನೋಡಿ ಬೆಲೆ ಕಟ್ಟೋದಾದ್ರೆ ಇದು ತಲೆಕೆಳಗಾಗಬೇಕಿತ್ತು. ಡಯಾಫ್ರಮ್ ಯಾವುದರದ್ದು, ಕಪ್ ಒಳಗಿನ ಜಾಗ ಎಷ್ಟು, ಟ್ಯೂನಿಂಗ್ ಹೇಗಿದೆ, ಕಿವಿಗೆ ಎಷ್ಟು ಗಟ್ಟಿಯಾಗಿ ಕೂರುತ್ತೆ ಅನ್ನೋದೆಲ್ಲ ಸೇರಿ ಸದ್ದಾಗುತ್ತೆ. "20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅನ್ನೋ ಸಾಲೂ ಅಷ್ಟೇ. ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಅಂತ ಹೇಳದೆ ಬರೀ ಎರಡು ತುದಿ ಬರೆದರೆ ಲ್ಯಾಬ್ ರೆಕಾರ್ಡ್‌ನಲ್ಲಿ ಮೇಡಂ ಸೈನ್ ಹಾಕ್ತಾರಾ?

ಮೂರನೇದು ಕೋಡೆಕ್. ಎಲ್ಲ ಎ2ಡಿಪಿ ಹೆಡ್‌ಫೋನುಗಳಲ್ಲೂ ಎಸ್‌ಬಿಸಿ ಇರಲೇಬೇಕು, ಅದು ನಿಯಮ. ಅದರ ಉತ್ತಮ ಮಟ್ಟದಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಹೋಗುತ್ತೆ. ಇದರ ಮೇಲೆ ಎಎಸಿ, ಆಪ್ಟ್‌ಎಕ್ಸ್, ಎಲ್‌ಡಿಎಸಿ ಅಂತ ಬರ್ತವೆ. ಸೋನಿಯ ಎಲ್‌ಡಿಎಸಿ 990 ಕಿಲೋಬಿಟ್‌ವರೆಗೂ ಹೋಗುತ್ತೆ, ಆಂಡ್ರಾಯ್ಡ್‌ನಲ್ಲಿ 8.0ರಿಂದ ಇದೆ. ಕೇಳೋಕೆ ಚಂದ. ಆದರೆ ಕೋಡೆಕ್ ಅನ್ನೋದು ಎರಡೂ ಕಡೆಯವರಿಗೆ ಗೊತ್ತಿರೋ ಭಾಷೆ ಇದ್ದ ಹಾಗೆ. ವಿಂಡೋಸ್ 11ಗೆ ಎಸ್‌ಬಿಸಿ ಗೊತ್ತು, ಎಎಸಿ ಗೊತ್ತು, ಆಪ್ಟ್‌ಎಕ್ಸ್ ಗೊತ್ತು, ಎಲ್‌ಡಿಎಸಿ ತಾನಾಗಿ ಗೊತ್ತಿಲ್ಲ. ವಿಂಡೋಸ್ 10ಗೆ ಎಎಸಿ ಕೂಡ ಗೊತ್ತಿಲ್ಲ. ಮ್ಯಾಕ್ ಎಎಸಿ ಮಾತಾಡುತ್ತೆ. ಲಿನಕ್ಸ್‌ನಲ್ಲಿ ಪೈಪ್‌ವೈರ್ ಇದ್ದರೆ ಎಲ್‌ಡಿಎಸಿಯನ್ನೂ ಓಡಿಸಬಹುದು. ಹಾಗಾಗಿ ವಿಂಡೋಸ್ ಲ್ಯಾಪ್‌ಟಾಪಿಗೆ ಅಂತ ಎಲ್‌ಡಿಎಸಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟರೆ ಗೊತ್ತಿಲ್ಲದ ಭಾಷೆಯ ಪುಸ್ತಕ ಕೊಂಡ ಹಾಗೆ. ಅಲ್ಲದೆ ಯೂಟ್ಯೂಬ್‌ನಿಂದ ಬರೋ ಆಡಿಯೋನೇ ಮೊದಲೇ ಕಂಪ್ರೆಸ್ ಆಗಿರುತ್ತೆ. ಅಲ್ಲಿ ಕಳೆದುಹೋದದ್ದನ್ನ ಯಾವ ಕೋಡೆಕ್ಕೂ ವಾಪಸ್ ತರಲ್ಲ.

ನಾಲ್ಕನೇದು, ನನಗೆ ಅತಿ ಹೆಚ್ಚು ಸಿಟ್ಟು ಬರಿಸೋದು, ಇಎನ್‌ಸಿ ಮತ್ತು ಎಎನ್‌ಸಿ. ನೋಡೋಕೆ ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಮಾತ್ರ ಪೂರ್ತಿ ಬೇರೆ. ಇಎನ್‌ಸಿ ಅಂದ್ರೆ ನಿಮ್ಮ ಮೈಕ್‌ಗೆ ಬೀಳೋ ಸುತ್ತಲಿನ ಗಲಾಟೆ ಕಡಿಮೆ ಮಾಡೋದು. ಅದರ ಲಾಭ ಆ ಕಡೆ ಇರೋರಿಗೆ. ಎಎನ್‌ಸಿ ಅಂದ್ರೆ ಹೊರಗಿನ ಸದ್ದಿಗೆ ಉಲ್ಟಾ ಫೇಸ್‌ನ ಅಲೆ ಸೃಷ್ಟಿಸಿ ನಿಮ್ಮ ಕಿವಿಗೆ ನಿಶ್ಶಬ್ದ ಕೊಡೋದು. ಅದರ ಲಾಭ ನಿಮಗೆ. ಕಡಿಮೆ ಬೆಲೆಯ ಬಾಕ್ಸ್‌ಗಳ ಮೇಲೆ ಇಎನ್‌ಸಿ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ. ರೂಮ್‌ಮೇಟ್ ಗೊರಕೆ ನಿಲ್ಲುತ್ತೆ ಅಂತ ನಂಬಿ ತಂದವರು ರಾತ್ರಿ ಹಾಕ್ಕೊಂಡು ನೋಡಿದ್ರೆ ಗೊರಕೆ ಎಂದಿನಂತೆ ನಡೀತಿರುತ್ತೆ. ನಿಜವಾದ ಎಎನ್‌ಸಿ ಕೂಡ ಫ್ಯಾನ್, ಎಸಿ, ಬಸ್ ಎಂಜಿನ್ ಥರದ ಒಂದೇ ಸಮನೆ ಬರೋ ಕೆಳಗಿನ ಫ್ರೀಕ್ವೆನ್ಸಿ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಕಾರಿಡಾರ್‌ನಲ್ಲಿ ಕೂಗಾಡೋರ ಮಾತಿಗೆ ಅಷ್ಟಾಗಿ ಅಲ್ಲ. ಅದಕ್ಕೆ ಕಿವಿಯನ್ನ ಪೂರ್ತಿ ಮುಚ್ಚೋ ದಪ್ಪ ಪ್ಯಾಡೇ ವಾಸಿ.

ಬ್ಯಾಟರಿ ಗಂಟೆಗಳ ಬಗ್ಗೆ ಒಂದೇ ಮಾತು. ಆ ಲೆಕ್ಕ ಮಧ್ಯಮ ವಾಲ್ಯೂಮ್‌ನಲ್ಲಿ, ಎಎನ್‌ಸಿ ಆಫ್ ಇಟ್ಟು ಹಾಕಿದ್ದಾಗಿರುತ್ತೆ ಅಂದ್ಕೊಳ್ಳಿ. ತಲೆ ಮೇಲೆ ಕೂರೋ ಹೆಡ್‌ಫೋನುಗಳಲ್ಲಿ 20 ಗಂಟೆಗಿಂತ ಮೇಲೆ ಎಷ್ಟಿದ್ದರೂ ನಮ್ಮ ದಿನಚರಿಗೆ ಅಂಥ ವ್ಯತ್ಯಾಸ ಇಲ್ಲ. ದಿನಾ ರಾತ್ರಿ ಫೋನ್ ಚಾರ್ಜಿಗೆ ಹಾಕೋರಿಗೆ ವಾರಕ್ಕೊಂದೆರಡು ಸಲ ಹೆಡ್‌ಫೋನ್ ಹಾಕೋದು ಭಾರ ಅಲ್ಲ.

ತಡವಾಗಿ ಬರೋ ಸದ್ದು

ಬ್ಲೂಟೂತ್‌ನಲ್ಲಿ ಸದ್ದು ಎನ್‌ಕೋಡ್ ಆಗಿ, ಗಾಳಿಯಲ್ಲಿ ಬಂದು, ಬಫರ್‌ನಲ್ಲಿ ಕೂತು, ಡಿಕೋಡ್ ಆಗಿ ಕಿವಿ ಸೇರೋಕೆ ಸಮಯ ಬೇಕು. ಎಸ್‌ಬಿಸಿಯಲ್ಲಿ ಇದು 200 ಮಿಲಿಸೆಕೆಂಡ್ ಆಸುಪಾಸು ಆಗೋದು ಸಾಮಾನ್ಯ. 200 ಮಿಲಿಸೆಕೆಂಡ್ ಏನ್ ಮಹಾ ಅಂತೀರಾ? ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದ್ರೆ 68 ಮೀಟರ್ ದೂರದಲ್ಲಿ ನಿಂತವರ ಮಾತು ಕೇಳಿದ ಹಾಗೆ. ಚಿನ್ನಸ್ವಾಮಿ ಸ್ಟೇಡಿಯಮ್‌ನಲ್ಲಿ ಕೂತಾಗ ಬ್ಯಾಟ್ ಬೀಸಿದ್ದು ಮೊದಲು ಕಂಡು ಆಮೇಲೆ "ಟಕ್" ಅಂತ ಕೇಳುತ್ತಲ್ಲ, ಅಷ್ಟು ತಡ.

ಸಿನಿಮಾ, ಲೆಕ್ಚರ್ ನೋಡೋವಾಗ ಇದು ತೊಂದರೆ ಕೊಡಲ್ಲ. ಪ್ಲೇಯರ್‌ಗಳು ಸದ್ದು ಎಷ್ಟು ತಡ ಅಂತ ತಿಳ್ಕೊಂಡು ಚಿತ್ರವನ್ನೂ ಅಷ್ಟೇ ತಡ ಮಾಡ್ತವೆ. ಗೇಮ್‌ನಲ್ಲಿ ಹಾಗೆ ಮಾಡೋಕಾಗಲ್ಲ, ನೀವು ಬಟನ್ ಒತ್ತಿದ ಕ್ಷಣವೇ ಆಗಬೇಕು. ಶತ್ರುವಿನ ಹೆಜ್ಜೆ ಸದ್ದು ಕೇಳೋ ಹೊತ್ತಿಗೆ ಅವನು ಬಾಗಿಲು ದಾಟಿರ್ತಾನೆ. ವಿಡಿಯೋ ಎಡಿಟಿಂಗ್ ಮಾಡೋರಿಗೆ, ಲ್ಯಾಪ್‌ಟಾಪಿನಲ್ಲಿ ಕೀಬೋರ್ಡ್ ನುಡಿಸೋರಿಗೆ ಇದೇ ಗೋಳು.

ಗೇಮಿಂಗ್ ಮುಖ್ಯ ಅನ್ನೋರಿಗೆ ವೈರ್‌ಲೆಸ್ ಅಂದ್ರೆ ಬ್ಲೂಟೂತ್ ಒಂದೇ ಅಲ್ಲ. ಯುಎಸ್‌ಬಿ ಡಾಂಗಲ್ ಜೊತೆ ಬರೋ 2.4 ಗಿಗಾಹರ್ಟ್ಸ್ ಹೆಡ್‌ಸೆಟ್‌ಗಳಿವೆ. ಅವು ತಮ್ಮದೇ ಪ್ರೋಟೋಕಾಲ್ ಬಳಸೋದರಿಂದ ತಡ ಬಹಳ ಕಡಿಮೆ, ಮೈಕ್ ಆನ್ ಇದ್ದರೂ ಒಳ್ಳೆ ಸದ್ದು ಉಳಿಯುತ್ತೆ. ಲಾಜಿಟೆಕ್ ಜಿ435 ಥರದವು ಡಾಂಗಲ್ಲೂ ಕೊಡ್ತವೆ, ಬ್ಲೂಟೂತೂ ಕೊಡ್ತವೆ. ಬೆಲೆ ಸ್ವಲ್ಪ ಮೇಲೆ ಹೋಗುತ್ತೆ. ಡಾಂಗಲ್ ಕಳೆದುಹೋದರೆ ಹೆಡ್‌ಸೆಟ್ ಅರ್ಧ ಹೋದ ಹಾಗೆ, ಒಂದು ಯುಎಸ್‌ಬಿ ಪೋರ್ಟೂ ಅದಕ್ಕೇ ಮೀಸಲು. ಇದನ್ನ ತೂಗಿ ನೋಡಿ ತಗೊಳ್ಳಿ.

ಇಲ್ಲಿ ಒಂದು ಸಣ್ಣ ಹಾಸ್ಟೆಲ್ ಸಮಾಚಾರ. ಬ್ಲೂಟೂತೂ 2.4 ಗಿಗಾಹರ್ಟ್ಸ್, ಹಳೇ ವೈಫೈಯೂ ಅದೇ, ವೈರ್‌ಲೆಸ್ ಮೌಸೂ ಬಹುತೇಕ ಅದೇ. ಒಂದೇ ಫ್ಲೋರ್‌ನಲ್ಲಿ ನೂರು ಜನ ಇದ್ದರೆ ಗಾಳಿಯಲ್ಲಿ ಕೆ.ಆರ್. ಮಾರ್ಕೆಟ್. ಬ್ಲೂಟೂತ್ ಸೆಕೆಂಡಿಗೆ 1600 ಸಲದವರೆಗೆ ಚಾನೆಲ್ ಬದಲಾಯಿಸ್ತಾ ತಪ್ಪಿಸಿಕೊಂಡು ಓಡಾಡುತ್ತೆ. ಆದರೂ ಸದ್ದು ತುಂಡು ತುಂಡಾದರೆ ಹೆಡ್‌ಫೋನಿಗೆ ಬೈಯೋ ಮೊದಲು ಲ್ಯಾಪ್‌ಟಾಪನ್ನ 5 ಗಿಗಾಹರ್ಟ್ಸ್ ವೈಫೈಗೆ ಹಾಕಿ ನೋಡಿ. ಯುಎಸ್‌ಬಿ 3.0 ಪೋರ್ಟಿಗೆ ಹಾರ್ಡ್ ಡಿಸ್ಕ್ ಚುಚ್ಚಿದಾಗಲೂ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಏಳುತ್ತೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಬರೆದಿದೆ. ಡಾಂಗಲ್‌ನ ಆ ಪೋರ್ಟಿನ ಪಕ್ಕ ಹಾಕಬೇಡಿ.

ಹಾಗಾದರೆ ದುಡ್ಡು ಯಾವುದಕ್ಕೆ ಕೊಡಬೇಕು?

ನನ್ನ ಪ್ರಕಾರ ಕಡಿಮೆ ಬಜೆಟ್‌ನಲ್ಲಿ ದುಡ್ಡು ಹೋಗಬೇಕಾದ್ದು ದಿನಾ ಕೈಗೆ, ಕಿವಿಗೆ ತಾಗೋ ವಿಷಯಗಳಿಗೆ.

ಮೊದಲು ಕೂರೋ ರೀತಿ. ಇಂಟರ್ನಲ್ಸ್ ಹಿಂದಿನ ದಿನ ಮೂರು ಗಂಟೆ ತಲೆ ಮೇಲೆ ಇರೋ ವಸ್ತು ಅದು. ಕಿವಿಯ ಮೇಲೆ ಒತ್ತಿ ಕೂರೋ ಆನ್-ಇಯರ್ ಹಗುರ, ಆದರೆ ಕನ್ನಡಕ ಹಾಕೋರಿಗೆ ಗಂಟೆಯೊಳಗೆ ಕಿವಿ ನೋವು. ಕಿವಿ ಪೂರ್ತಿ ಮುಚ್ಚೋ ಓವರ್-ಇಯರ್ ಆರಾಮ, ಆದರೆ ಮಂಗಳೂರು, ಉಡುಪಿ, ಕಾರವಾರದ ಬೇಸಿಗೆಯಲ್ಲಿ ಬೆವರು ಇಳಿಯುತ್ತೆ. ಆ ಬೆವರಿಗೆ ರೆಕ್ಸಿನ್ ಥರದ ಪ್ಯಾಡ್ ಒಂದೆರಡು ವರ್ಷದಲ್ಲಿ ಸಿಪ್ಪೆ ಸುಲಿಯೋಕೆ ಶುರುವಾಗುತ್ತೆ. ಆ ಮಾಡೆಲ್‌ಗೆ ಬದಲಿ ಪ್ಯಾಡ್ ಸಿಗುತ್ತಾ ಅಂತ ಕೊಳ್ಳೋ ಮೊದಲೇ ಹುಡುಕಿ ನೋಡಿ. ಸಿಗುತ್ತೆ ಅಂದ್ರೆ ಹೆಡ್‌ಫೋನಿನ ಆಯಸ್ಸು ಹೆಚ್ಚಾದ ಹಾಗೆ.

ಎರಡನೇದು 3.5 ಎಂಎಂ ಜ್ಯಾಕ್. ಬ್ಲೂಟೂತ್ ಹೆಡ್‌ಫೋನಿಗೆ ಜ್ಯಾಕ್ ಯಾಕೆ ಅಂತ ನಗಬೇಡಿ. ಬ್ಯಾಟರಿ ಸತ್ತಾಗ, ಗೇಮ್ ಆಡೋವಾಗ, ಸೆಮಿನಾರ್ ಹಾಲ್‌ನ ಪಿಸಿಗೆ ಹಾಕಬೇಕಾದಾಗ ಒಂದು ವೈರ್ ಚುಚ್ಚಿದರೆ ತಡ ಇಲ್ಲ, ಕೋಡೆಕ್ ಇಲ್ಲ. ಎರಡು ಮೂರು ವರ್ಷದ ಮೇಲೆ ಬ್ಯಾಟರಿ ಸೊರಗಿದರೂ ವೈರ್‌ನಲ್ಲಿ ಕೇಳ್ತಾ ಇರಬಹುದು. ದುಬಾರಿ ಹೆಡ್‌ಫೋನ್‌ನಲ್ಲೆಲ್ಲಾ ಜ್ಯಾಕ್ ಇರುತ್ತೆ ಅಂದ್ಕೋಬೇಡಿ, ಮೇಲೆ ಹೇಳಿದ ಸಿಎಚ್520ರಲ್ಲೇ ಇಲ್ಲ. ಕೊಳ್ಳೋ ಮೊದಲು ಫೋಟೋದಲ್ಲಿ ತೂತು ಹುಡುಕಿ.

ಮೂರನೇದು ಮಲ್ಟಿಪಾಯಿಂಟ್, ಅಂದ್ರೆ ಒಂದೇ ಹೊತ್ತಿಗೆ ಎರಡು ಸಾಧನಕ್ಕೆ ಜೋಡಣೆ. ಲ್ಯಾಪ್‌ಟಾಪಿನಲ್ಲಿ ಲೆಕ್ಚರ್ ನೋಡ್ತಿರೋವಾಗ ಫೋನಿಗೆ ಮನೆಯಿಂದ ಕರೆ ಬಂದರೆ ತಾನಾಗಿ ಅಲ್ಲಿಗೆ ಹೋಗುತ್ತೆ. ಇದಿಲ್ಲದಿದ್ರೆ ಪ್ರತಿ ಸಲ ಡಿಸ್‌ಕನೆಕ್ಟ್, ಕನೆಕ್ಟ್. ಲ್ಯಾಪ್‌ಟಾಪಿಗೆ ಕೊಳ್ಳೋರಿಗೆ ಎಎನ್‌ಸಿಗಿಂತ ಇದು ಹೆಚ್ಚು ಉಪಯೋಗ ಅನ್ನೋದು ನನ್ನ ಅಭಿಪ್ರಾಯ.

ನಾಲ್ಕನೇದು ಬಿಲ್ಲು ಮತ್ತು ಗುರುತು. ಎಸ್.ಪಿ. ರೋಡ್‌ನಲ್ಲೇ ಕೊಳ್ಳಿ, ಊರಿನ ಮೊಬೈಲ್ ಅಂಗಡಿಯಲ್ಲೇ ಕೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ ಇಟ್ಕೊಳ್ಳಿ. ವಾರಂಟಿ ಇರೋದು ಬಿಲ್ ಜೊತೆಗೇ. ಬಾಕ್ಸ್ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ರಿಜಿಸ್ಟ್ರೇಷನ್ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತೆ. ತಲೆ ಪಕ್ಕದಲ್ಲಿ ಲಿಥಿಯಂ ಬ್ಯಾಟರಿ ಇಟ್ಕೊಂಡು ಓಡಾಡ್ತೀವಿ, ಇನ್ನೂರು ರೂಪಾಯಿ ಉಳಿಸೋಕೆ ಹೆಸರಿಲ್ಲದ್ದನ್ನ ತರೋದು ಬೇಡ.

ಸದ್ದು ಹೇಗಿದೆ ಅಂತ ನೋಡೋಕೆ ಅಂಗಡಿಯವರು ಹಾಕೋ ಡಿಜೆ ಹಾಡು ನಂಬಬೇಡಿ, ಅದರಲ್ಲಿ ಎಲ್ಲಾ ಚೆನ್ನಾಗಿ ಕೇಳುತ್ತೆ. ನಿಮಗೆ ಬಾಯಿಪಾಠ ಆಗಿರೋ ಒಂದು ಭಾವಗೀತೆ ಹಾಕಿ, ಹಾಡೋರ ದನಿ ಮುಂದೆ ಇದೆಯಾ ಇಲ್ಲಾ ತಬಲಾ ಹಿಂದೆ ಅಡಗಿದೆಯಾ ಕೇಳಿ. ಆಮೇಲೆ ಡೊಳ್ಳಿನ ರೆಕಾರ್ಡಿಂಗ್ ಒಂದು ಹಾಕಿ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಎಲ್ಲಾ ಸೇರಿ ಗುಂಯ್ ಅಂದ್ರೆ ಬೇಸ್ ಜಾಸ್ತಿ ಉಬ್ಬಿಸಿದ್ದಾರೆ ಅಂತ. ಕೊನೆಗೆ ನಿಮ್ಮ ಕಷ್ಟದ ಸಬ್ಜೆಕ್ಟಿನ ಲೆಕ್ಚರ್ ಎರಡು ನಿಮಿಷ ಕೇಳಿ. ನಾವು ಹೆಡ್‌ಫೋನ್‌ನಲ್ಲಿ ಹೆಚ್ಚು ಹೊತ್ತು ಕೇಳೋದು ಮಾತನ್ನೇ ಅಲ್ವಾ?

"ಇಷ್ಟೆಲ್ಲಾ ಯಾಕೆ, ವೈರ್‌ದೇ ತಗೋ"

ಈ ವಾದ ಮಾಡೋರು ನಮ್ಮ ಬ್ಯಾಚಲ್ಲೂ ಇದ್ದಾರೆ, ಅವರ ಮಾತಲ್ಲಿ ಹುರುಳಿದೆ. ಫೋನುಗಳಿಂದ ಜ್ಯಾಕ್ ಕಣ್ಮರೆ ಆಗ್ತಾ ಬಂದರೂ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಇನ್ನೂ ಇದೆ. ಐನೂರು ರೂಪಾಯಿಯ ಮೈಕ್ ಇರೋ ವೈರ್ ಇಯರ್‌ಫೋನ್, ಇಂಟರ್‌ವ್ಯೂ ವಿಷಯದಲ್ಲಿ ಮೂರು ಸಾವಿರದ ಬ್ಲೂಟೂತ್ ಹೆಡ್‌ಫೋನನ್ನ ಸೋಲಿಸುತ್ತೆ. ಚಾರ್ಜ್ ಬೇಡ, ಪೇರಿಂಗ್ ಬೇಡ, ತಡ ಇಲ್ಲ, ಮೈಕ್ ಬಾಯಿ ಹತ್ತಿರವೇ ಇರುತ್ತೆ.

ಆದರೂ ವೈರ್‌ಲೆಸ್ ಬೇಡವೇ ಬೇಡ ಅನ್ನೋಕೆ ನಾನು ಒಪ್ಪಲ್ಲ. ಮೇಲಿನ ಬಂಕ್‌ನಲ್ಲಿ ಮಲಗಿ ಕೆಳಗಿನ ಟೇಬಲ್ ಮೇಲಿರೋ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡೋರಿಗೆ, ಓಡಾಡ್ತಾ ಲೆಕ್ಚರ್ ಕೇಳಿದರೆ ತಲೆಗೆ ಹೋಗುತ್ತೆ ಅನ್ನೋರಿಗೆ, ವೈರ್ ಕಾಲಿಗೆ ಸಿಕ್ಕಿ ಲ್ಯಾಪ್‌ಟಾಪೇ ನೆಲಕ್ಕೆ ಬೀಳೋ ಇಕ್ಕಟ್ಟಿನ ರೂಮುಗಳಲ್ಲಿ ವೈರ್‌ಲೆಸ್ ನಿಜವಾಗಿಯೂ ಅನುಕೂಲ. ಅದಕ್ಕೇ ನನ್ನ ಲೆಕ್ಕ ಹೀಗಿದೆ: ಬಜೆಟ್ 2,500 ಅಂದ್ರೆ 2,000ಕ್ಕೆ ಜ್ಯಾಕ್ ಇರೋ ಬ್ಲೂಟೂತ್ ಹೆಡ್‌ಫೋನ್, ಉಳಿದ 500ಕ್ಕೆ ವೈರ್ ಇಯರ್‌ಫೋನ್. ಮೊದಲನೇದು ಕಿವಿ ಮೇಲೆ, ಎರಡನೇದು ಬ್ಯಾಗಿನ ಸಣ್ಣ ಜೇಬಲ್ಲಿ. ಪೂರ್ತಿ 2,500 ಒಂದರ ಮೇಲೇ ಸುರಿದರೆ ಸಿಗೋ ಹೆಚ್ಚುವರಿ ಸುಖಕ್ಕಿಂತ ಈ ಜೋಡಿಯ ನೆಮ್ಮದಿ ದೊಡ್ಡದು. ಅಂದ ಹಾಗೆ ಕೆಲವು ಆನ್‌ಲೈನ್ ಟೆಸ್ಟ್‌ಗಳಲ್ಲಿ ಕಿವಿಗೆ ಏನೂ ಹಾಕೋ ಹಾಗಿಲ್ಲ. ಸೂಚನೆ ಮೊದಲೇ ಓದ್ಕೊಳ್ಳಿ.

ಕೊನೆಗೆ ಕಿವಿಯ ಮಾತು

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ. ಡೆಸಿಬೆಲ್ ಅನ್ನೋದು ಲಾಗ್ ಸ್ಕೇಲ್ ಅಂತ ನಮಗೆ ಗೊತ್ತು. 3 ಡೆಸಿಬೆಲ್ ಹೆಚ್ಚಾದರೆ ಶಕ್ತಿ ದುಪ್ಪಟ್ಟು, ಆದ್ದರಿಂದ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90 ಹತ್ತಿರ ಹೋದರೆ ವಾರಕ್ಕೆ ಸುಮಾರು 4 ಗಂಟೆ ಅಷ್ಟೇ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಗಲಾಟೆ ಮುಚ್ಚೋಕೆ ವಾಲ್ಯೂಮ್ ಏರಿಸೋ ಅಭ್ಯಾಸ ಹಾಸ್ಟೆಲ್‌ನಲ್ಲಿ ಬೇಗ ಬರುತ್ತೆ. ಕೈ ಅಳತೆ ದೂರದಲ್ಲಿರೋ ಗೆಳೆಯ ಮಾಮೂಲಾಗಿ ಮಾತಾಡಿದ್ದು ನಿಮಗೆ ಒಂಚೂರೂ ಕೇಳದಿದ್ದರೆ ವಾಲ್ಯೂಮ್ ಇಳಿಸಿ. ಚೆನ್ನಾಗಿ ಕಿವಿ ಮುಚ್ಚೋ ಪ್ಯಾಡಿಗೆ ದುಡ್ಡು ಕೊಡಿ ಅಂತ ನಾನು ಹೇಳೋದು ಇದಕ್ಕೂ ಸೇರಿ. ಹೊರಗಿನ ಸದ್ದು ಕಡಿಮೆ ಆದಷ್ಟೂ ಒಳಗಿನದ್ದನ್ನ ಏರಿಸೋ ಆಸೆ ಕಡಿಮೆ.

ಸೀನಿಯರ್‌ಗಳಿಗೆ ಒಂದು ಕೋರಿಕೆ. ಮುಂದಿನ ಸಲ ಗ್ರೂಪಿನಲ್ಲಿ "ಅಣ್ಣ", "ಅಕ್ಕ" ಅಂತ ಪ್ರಶ್ನೆ ಬಂದಾಗ ಲಿಂಕ್ ಎಸೆದು ಸುಮ್ಮನಾಗಬೇಡಿ. ನಿಮ್ಮ ಹೆಡ್‌ಫೋನನ್ನ ಒಂದು ಸಂಜೆ ಆ ಜೂನಿಯರ್‌ಗೆ ಕೊಡಿ. ಅವರ ಲ್ಯಾಪ್‌ಟಾಪಿಗೆ ಜೋಡಿಸಲಿ, ಅವರ ತಲೆಗೆ ಕೂರುತ್ತಾ ನೋಡಲಿ, ಮೈಕ್ ಆನ್ ಮಾಡಿ ತಮ್ಮ ದನಿ ತಾವೇ ಕೇಳಲಿ. ಜೂನಿಯರ್‌ಗಳೇ, ಕೇಳೋಕೆ ಸಂಕೋಚ ಬೇಡ. ಒಂದು ಸಂಜೆ ಸಾಲ ತಂದ ಹೆಡ್‌ಫೋನು ನಿಮಗೆ ಎರಡು ಸಾವಿರ ಉಳಿಸಬಹುದು. ಇಂಟರ್‌ವ್ಯೂ ದಿನ ನಿಮ್ಮ ಮಾತು ಪೂರ್ತಿ ಆ ಕಡೆ ತಲುಪೋ ಹಾಗೂ ಮಾಡಬಹುದು.